ಮಳೆಗಾಲದ ಕಿಕ್: ಸ್ಟಾರ್ಟ್ ಆಗದ ಗಾಡಿಗಳ ಇತಿಹಾಸ

ಭಾಗ 1

ಮೊದಲು ಒಂದು ಪ್ರಶ್ನೆ. 1961ರಲ್ಲಿ ಮೈಸೂರಲ್ಲಿ ತಯಾರಾದ ಜಾವಾದ ಬ್ಯಾಟರಿ ಸತ್ತರೆ ಕಿಡಿ ಬರೋದು ಕಷ್ಟ. 1985ರ ಆರ್‌ಎಕ್ಸ್ 100ಗೆ ಸ್ಟಾರ್ಟ್ ಆಗೋಕೆ ಬ್ಯಾಟರಿನೇ ಬೇಕಿರಲಿಲ್ಲ. ಇವತ್ತು ಲೋನ್ ಮಾಡಿ ತಗೊಂಡ ಹೊಸ ಗಾಡಿ? ಬ್ಯಾಟರಿ ಸತ್ತರೆ ಮತ್ತೆ ತಳ್ಳು. ಹಾಗಾದ್ರೆ ಅರವತ್ತು ವರ್ಷದಲ್ಲಿ ನಾವು ಮುಂದೆ ಹೋದ್ವಾ, ಇಲ್ಲ ಒಂದು ಸುತ್ತು ಹಾಕಿ ಅಲ್ಲೇ ಬಂದು ನಿಂತ್ವಾ? ಮಳೆ ಶುರುವಾದಾಗಿಂದ ಎಲ್ಲರ ಸ್ಟೇಟಸ್‌ನಲ್ಲೂ ಹಳೇ ಜಾವಾ ಫೋಟೋನೇ. ಫೋಟೋ ಹಾಕೋರು ಸ್ವಲ್ಪ ಕಥೆನೂ ತಿಳ್ಕೊಳ್ಳಲಿ ಅಂತ ಈ ಸೀರೀಸ್.

ಭಾಗ 2

ಜಾವಾ ಅನ್ನೋದು ಎರಡು ಹೆಸರು ಸೇರಿ ಆಗಿದ್ದು. 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗ ಕೊಂಡ್ಕೊಂಡ್ರು. ಇಬ್ಬರ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿ ಜಾವಾ. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ ಗುರು.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯ್ತು. ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಅಲ್ಲಿಂದ ಹೊರಬಂದದ್ದು 250 ಸಿಸಿ ಟೂ ಸ್ಟ್ರೋಕ್ ಗಾಡಿ. ಎರಡನೇ ಫೋಟೋ ಝೂಮ್ ಮಾಡಿ ನೋಡಿ. ಎಡಗಡೆ ಇರೋದು ಒಂದೇ ಲಿವರ್. ಅದನ್ನ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ವಾಪಸ್ ತಂದ್ರೆ ಗೇರ್. ನನ್ನ ಪ್ರಕಾರ ನಮ್ಮ ರಾಜ್ಯದಲ್ಲಿ ತಯಾರಾದ ಅತಿ ಚೆಂದದ ವಸ್ತುಗಳಲ್ಲಿ ಇದೂ ಒಂದು. 1973ರಿಂದ ಇದೇ ವಂಶಕ್ಕೆ ಯೆಜ್ಡಿ ಅಂತ ಹೆಸರು ಬಂತು.

ಚೆಂದ ಹೌದು. ಆದ್ರೆ ಆಷಾಢದ ಬೆಳಿಗ್ಗೆ ಅದನ್ನ ಎಬ್ಬಿಸೋದು ಬೇರೆ ವಿಷಯ.

ಭಾಗ 3 (ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ)

ಪೆಟ್ರೋಲ್ ದ್ರವವಾಗಿ ಉರಿಯಲ್ಲ, ಅದರ ಆವಿ ಉರಿಯುತ್ತೆ. ತಣ್ಣಗಿರೋ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿ ಆಗದೆ ಹನಿ ಹನಿಯಾಗಿ ಒಳಗಿನ ಗೋಡೆಗೆ ಅಂಟ್ಕೊಳ್ಳುತ್ತೆ. ಹಾಗಾಗಿ ಸ್ಟಾರ್ಟ್ ಮಾಡುವಾಗ ಮಾಮೂಲಿಗಿಂತ ಜಾಸ್ತಿ ಪೆಟ್ರೋಲ್ ಕೊಡಬೇಕು. ಚೋಕ್ ಮಾಡೋದು ಇದನ್ನೇ. ಹಳೇ ಜಾವಾದಲ್ಲಿ ಕಾರ್ಬುರೇಟರ್ ಮೇಲೆ ಒಂದು ಪುಟ್ಟ ಗುಂಡಿ ಇರುತ್ತೆ, ಟಿಕ್ಲರ್ ಅಂತ. ಅದನ್ನ ಒತ್ತಿದ್ರೆ ಒಳಗಿನ ಫ್ಲೋಟ್ ಮುಳುಗಿ ಪೆಟ್ರೋಲ್ ತುಂಬಿ ಚೆಲ್ಲುತ್ತೆ. ಬೆರಳಿಗೆ ಪೆಟ್ರೋಲ್ ತಾಗಿದ ಕೂಡ್ಲೇ ಬಿಡಬೇಕು. ಇನ್ನೊಂದು ಸಲ ಒತ್ತಿದ್ರೆ ಪ್ಲಗ್ ಒದ್ದೆ, ಮತ್ತೆ ಎಷ್ಟು ಒದ್ದರೂ ಅಷ್ಟೆ.

ಆದ್ರೆ ನಮ್ಮ ಕಡೆ ಚಳಿಗಿಂತ ದೊಡ್ಡ ವಿಲನ್ ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತೆ. ಮಡಿಕೇರಿ, ಮೂಡಿಗೆರೆ ಕಡೆ ಬಟ್ಟೆ ವಾರಗಟ್ಟಲೆ ಒಣಗಲ್ಲ, ಇನ್ನು ಗಾಡಿ ವೈರ್ ಒಣಗುತ್ತಾ? ಕಿಡಿ ಹಾರೋಕೆ ಸಾವಿರಾರು ವೋಲ್ಟ್ ಬೇಕು. ಅಷ್ಟು ವೋಲ್ಟ್ ಯಾವಾಗ್ಲೂ ಸುಲಭದ ದಾರಿ ಹುಡುಕುತ್ತೆ. ಪ್ಲಗ್ ಕ್ಯಾಪ್ ಮೇಲೆ ನೀರಿನ ಪೊರೆ ಇದ್ರೆ ಕರೆಂಟು ಪ್ಲಗ್ ತುದಿಗೆ ಹೋಗೋ ಬದಲು ಹೊರಗಿಂದಲೇ ಎಂಜಿನ್‌ಗೆ ಇಳಿದುಬಿಡುತ್ತೆ. ಕತ್ತಲಲ್ಲಿ ಒದ್ದರೆ ವೈರ್ ಸುತ್ತ ನೀಲಿ ಮಿಂಚು ಕಣ್ಣಿಗೇ ಕಾಣುತ್ತೆ.

ಅದರ ಜೊತೆಗೆ ಪಾಯಿಂಟ್. ಎರಡು ಪುಟ್ಟ ಲೋಹದ ಬಿಲ್ಲೆ, ಮಧ್ಯೆ ಅರ್ಧ ಮಿಲಿಮೀಟರ್‌ಗೂ ಕಡಿಮೆ ಗ್ಯಾಪ್. ಅವು ಬಿಟ್ಟುಕೊಂಡ ಕ್ಷಣಕ್ಕೆ ಕಾಯಿಲ್‌ನಲ್ಲಿ ಹೈ ವೋಲ್ಟೇಜ್ ಹುಟ್ಟುತ್ತೆ. ಈ ಪದ್ಧತಿಯನ್ನ ಕಾರಿಗೆ ತಂದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲಾಕ್‌ಗೆ ಸೆಲ್ಫ್ ಸ್ಟಾರ್ಟ್ ಕೊಟ್ಟವರೂ ಅವರೇ. ಪಾಯಿಂಟ್‌ಗೆ ತೇವ ಹಿಡಿದು ಮಂಕಾದ್ರೆ ಕಿಡಿ ಸೊರಗುತ್ತೆ. ಅದಕ್ಕೆ 6 ವೋಲ್ಟ್ ಬ್ಯಾಟರಿ ಬೇರೆ. ಚಳಿಗೆ ಬ್ಯಾಟರಿ ಒಳಗಿನ ಕ್ರಿಯೆ ನಿಧಾನ ಆಗುತ್ತೆ, ಶಕ್ತಿ ಇಳಿಯುತ್ತೆ. ಎಲ್ಲಾ ಒಟ್ಟಿಗೇ ಕೈ ಕೊಡುತ್ತೆ.

ಸಕಲೇಶಪುರದಲ್ಲಿರೋ ನಮ್ಮ ಸೋದರಮಾವ ಮೂವತ್ತು ವರ್ಷ ಟೂ ಸ್ಟ್ರೋಕ್ ಓಡಿಸಿದವರು. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡದೆ ಮಲಗೋರಲ್ಲ. ಬಂದ್ ಮಾಡದಿದ್ರೆ ಪೆಟ್ರೋಲ್ ಜಿನುಗಿ ಎಂಜಿನ್ ಹೊಟ್ಟೆ ಸೇರುತ್ತೆ, ಬೆಳಿಗ್ಗೆ ಗಾಡಿ ಏಳಲ್ಲ. ಪ್ಲಗ್ ಕ್ಯಾಪ್‌ಗೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿರ್ತಿದ್ರು. ಆದರೂ ಹಟ ಮಾಡಿದ್ರೆ ಪ್ಲಗ್ ಬಿಚ್ಚಿ ಅಡುಗೆಮನೆ ಒಲೆ ಹತ್ರ ಒಣಗಿಸೋದು. ಅತ್ತೆ ಬೈಗುಳ ಫ್ರೀ. "ಪ್ಲಗ್ ಒದ್ದೆ ಇದ್ರೆ ಪೆಟ್ರೋಲ್ ಬರ್ತಿದೆ, ಕಿಡಿ ಇಲ್ಲ. ಒಣಗಿದ್ರೆ ಪೆಟ್ರೋಲೇ ಬರ್ತಿಲ್ಲ. ಕಪ್ಪಗೆ ಜಿಡ್ಡಾಗಿದ್ರೆ ಆಯಿಲ್ ಜಾಸ್ತಿ. ಇಷ್ಟು ಓದೋಕೆ ಬಂದ್ರೆ ಸಾಕು ಕಣೋ" ಅಂತಾರೆ. ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿಲ್ಲ.

ಬುಲೆಟ್ ಫ್ಯಾನ್ಸ್ ಕೋಪ ಮಾಡ್ಕೋಬೇಡಿ, ನಿಮ್ಮದು ಇನ್ನೊಂದು ಪೂಜೆ. ಡಿಕಂಪ್ರೆಸರ್ ಹಿಡಿದು, ಆಮೀಟರ್ ಮುಳ್ಳು ನೋಡಿ, ಪಿಸ್ಟನ್‌ನ ಜಾಗಕ್ಕೆ ತಂದು, ಆಮೇಲೆ ಒಂದೇ ಒದೆ. ತಪ್ಪಿದ್ರೆ ಕಿಕ್ಕರ್ ವಾಪಸ್ ಒದೆಯುತ್ತೆ.

ಭಾಗ 4

1985. ಒಂದೇ ವರ್ಷದಲ್ಲಿ ಹೀರೋ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100 ಎರಡೂ ಬಂದ್ವು. ಎಲ್ಲರೂ ಮೈಲೇಜ್ ಬಗ್ಗೆ, ಪಿಕಪ್ ಬಗ್ಗೆ ಮಾತಾಡ್ತಾರೆ. ನನಗೆ ದೊಡ್ಡದು ಅನ್ಸೋದು ಸಿಡಿಐ. ಪಾಯಿಂಟ್ ಹೋಯ್ತು, ಆ ಜಾಗಕ್ಕೆ ಎಲೆಕ್ಟ್ರಾನಿಕ್ ಡಬ್ಬಿ ಬಂತು. ಕಿಡಿಗೆ ಬೇಕಾದ ಕರೆಂಟು ನೇರ ಮ್ಯಾಗ್ನೆಟ್‌ನಿಂದ. ಬ್ಯಾಟರಿ ಕಿತ್ತು ಮನೇಲಿಟ್ರೂ ಕಿಕ್ ಹೊಡೆದ್ರೆ ಸ್ಟಾರ್ಟ್. ಮಲೆನಾಡಿನ ಮೇಷ್ಟ್ರು, ಹಾಲಿನವರು, ಪೋಸ್ಟ್‌ಮ್ಯಾನ್‌ಗೆ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚನೆ ಮಾಡಿ.

ಯಾದವಗಿರಿ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಾರಣ ಒಂದೇ ಅಲ್ಲ. ಹೊಗೆ ನಿಯಮ ಬಿಗಿಯಾಯ್ತು, ಜನ ಮೈಲೇಜ್ ಕೇಳೋಕೆ ಶುರು ಮಾಡಿದ್ರು. ನಷ್ಟವನ್ನ ನಾವು ಬ್ಯಾಲೆನ್ಸ್ ಶೀಟ್‌ನಲ್ಲಿ ಒಂದು ಸಾಲಲ್ಲಿ ಬರೀತೀವಿ. ಆದ್ರೆ ಅಲ್ಲಿ ದುಡಿದವರ ಕೈಯಲ್ಲಿದ್ದ ಕೆಲಸ ಯಾವ ಕಾಲಮ್‌ಗೆ ಹೋಗುತ್ತೆ?

ಭಾಗ 5

2020ರ ಏಪ್ರಿಲ್ 1ರಿಂದ ಬಿಎಸ್ 6. ಕಾರ್ಬುರೇಟರ್ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್. ಎಂಜಿನ್ ಎಷ್ಟು ತಣ್ಣಗಿದೆ ಅಂತ ಸೆನ್ಸರ್ ನೋಡಿ, ಬೇಕಾದಷ್ಟು ಪೆಟ್ರೋಲ್ ತಾನೇ ಕೊಡುತ್ತೆ. ಚೋಕ್ ಇಲ್ಲ, ಟಿಕ್ಲರ್ ಇಲ್ಲ. ಗಾಳಿಗೂ ಒಳ್ಳೇದು, ಅದರಲ್ಲಿ ಡೌಟೇ ಇಲ್ಲ. ಹಳೇದೇ ಚಿನ್ನ ಅನ್ನೋ ಪೈಕಿ ನಾನಲ್ಲ.

ಆದ್ರೆ ಪೆಟ್ರೋಲ್ ಪಂಪು, ಕಂಪ್ಯೂಟರ್, ಇಂಜೆಕ್ಟರ್ ಎಲ್ಲಕ್ಕೂ ಬ್ಯಾಟರಿ ಬೇಕು. ಕೆಲವು ಸಣ್ಣ ಗಾಡಿ ಬಿಟ್ರೆ ಕಿಕ್ಕರ್ ಕೂಡ ಹೋಗಿದೆ. 2018ರಲ್ಲಿ ವಾಪಸ್ ಬಂದ ಹೊಸ ಜಾವಾಗೂ ಕಿಕ್ ಇಲ್ಲ. ಬ್ಯಾಟರಿ ಪೂರ್ತಿ ಇಳಿದ್ರೆ ತಳ್ಳಿದ್ರೂ ಸಾಮಾನ್ಯವಾಗಿ ಆಗಲ್ಲ. 15 ದಿನ ಮಳೇಲಿ ನಿಲ್ಲಿಸಿ ಊರಿಗೆ ಹೋಗೋರು ಇದನ್ನ ನೆನಪಿಡಿ.

ಇನ್ನೊಂದು, ಇ20. ಎಥನಾಲ್ ಗಾಳಿಯ ತೇವ ಹೀರುತ್ತೆ, ಆವಿ ಆಗೋಕೆ ಪೆಟ್ರೋಲ್‌ಗಿಂತ ಜಾಸ್ತಿ ಶಾಖ ಕೇಳುತ್ತೆ. ಬ್ರೆಜಿಲ್‌ನಲ್ಲಿ ಎಥನಾಲ್ ಕಾರುಗಳಿಗೆ ಬೆಳಗಿನ ಸ್ಟಾರ್ಟ್‌ಗೆ ಅಂತಲೇ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಬೇರೆ ಇಡ್ತಿದ್ರು. ನಮ್ಮ 20 ಪರ್ಸೆಂಟ್‌ಗೆ ಅಷ್ಟು ಭಯ ಬೇಡ. ಆದ್ರೆ ತಾತನ ಕಾರ್ಬುರೇಟರ್ ಗಾಡಿ ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಲ್ಲೋದಾದ್ರೆ ಕಾರ್ಬುರೇಟರ್ ಖಾಲಿ ಮಾಡಿಡಿ.

ಈಗಿನ ಗಾಡಿಯ ತೊಂದರೆ ಓದೋಕೆ ಪ್ಲಗ್ ಒಂದೇ ಸಾಲಲ್ಲ, ಸ್ಕ್ಯಾನರ್ ಬೇಕು. ಊರಿನ ಸಣ್ಣ ಗ್ಯಾರೇಜಿನವರ ಹತ್ರ ಅದಿರಲ್ಲ, ಗಿರಾಕಿ ಪೇಟೆಯ ಸರ್ವಿಸ್ ಸೆಂಟರ್‌ಗೆ ಹೋಗ್ತಾನೆ. ನಿಮ್ಮೂರಲ್ಲಿ ಈಗಲೂ ಕಿವಿಯಲ್ಲೇ ಕೇಳಿ ಪಾಯಿಂಟ್ ಸೆಟ್ ಮಾಡೋ ಮೆಕ್ಯಾನಿಕ್ ಇದ್ರೆ ಯಾವ ಊರು ಅಂತ ಕಾಮೆಂಟ್ ಮಾಡಿ. ದಸರಾ ರಜೆಯಲ್ಲಿ ಹೋಗಿ ಮಾತಾಡಿಸಿಕೊಂಡು ಬರ್ತೀನಿ.

#ಮಳೆಗಾಲ #ಮೈಸೂರುಜಾವಾ #ಯೆಜ್ಡಿ #ಗಾಡಿಇತಿಹಾಸ