ದುಂಡಗಾಗದ ಕುಂಕುಮದ ತಟ್ಟೆ

ಅಣ್ಣನ ಮಗಳ ಮದುವೆಗೆ ಬಂದ ಹೆಂಗಸರ ಕೈಗೆ ಪ್ಲಾಸ್ಟಿಕ್ ಡಬ್ಬಿ ಕೊಡುವುದು ಬೇಡ, ಹಲಸಿನ ಮರದ ಪುಟ್ಟ ಕುಂಕುಮದ ತಟ್ಟೆ ಕೊಡೋಣ ಎಂದು ಎಲ್ಲರೆದುರು ಹೇಳಿಬಿಟ್ಟವಳು ನಾನೇ. 50 ತಟ್ಟೆ, ಪ್ರತಿಯೊಂದರ ನಡುವೆ ಎಂಟೆಸಳಿನ ರಂಗೋಲಿ ಹೂವು. ಅದಕ್ಕಾಗಿ ರವಿಕೆ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ 18,000 ರೂಪಾಯಿ ಕೊಟ್ಟು ಚೀನಾದ ಪುಟ್ಟ ಸಿ.ಎನ್.ಸಿ. ಯಂತ್ರವೊಂದನ್ನು ತರಿಸಿದೆ.

ಕೊಪ್ಪದ ನಮ್ಮ ಮನೆಗೆ ಅದು ಬಂದದ್ದು ಯಂತ್ರವಾಗಿ ಅಲ್ಲ. ಸರಳು, ತಂತಿ, ಸ್ಕ್ರೂಗಳ ಒಂದು ಗಂಟಾಗಿ. ಮಗಳು ಎರಡು ದಿನ ಕೂತು ಜೋಡಿಸಿದಳು. 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಹಾಸು. ಅದರ ಮೇಲೆ ಅತ್ತಿತ್ತ, ಹಿಂದುಮುಂದು, ಮೇಲೆ ಕೆಳಗೆ ಚಲಿಸುವ ಚೂಪಾದ ಕಡ್ಡಿ. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಮರದಲ್ಲಿ ಕೆತ್ತುವುದು ಅದರ ಕೆಲಸ. ಮೊದಲ ತಟ್ಟೆ ಕೆತ್ತಿ ಮುಗಿದಾಗ ನೋಡುತ್ತೇನೆ: ದುಂಡಗೆ ಬರಬೇಕಾದದ್ದು ಕೋಳಿಮೊಟ್ಟೆಯಾಗಿತ್ತು.

"ಕಣ್ಣೆದುರಿಗೆ ಆಚಾರ್ರು ಇರುವಾಗ ಚೀನಾದವರು ಯಾಕೆ ಬೇಕಿತ್ತು ಮಾರಾಯ್ತಿ?" ಎಂದರು ಅತ್ತೆ. ಯಜಮಾನರು ಏನೂ ಅನ್ನಲಿಲ್ಲ. ಕ್ಯಾಲೆಂಡರಿನತ್ತ ಒಮ್ಮೆ ನೋಡಿದರು, ಅಷ್ಟೇ. ಅದೇ ಹೆಚ್ಚು ಚುಚ್ಚಿತು.

ಪರದೇಶದ ಯಂತ್ರ ನಮ್ಮ ಜಗುಲಿಗೆ ಬಂದದ್ದು ಇದೇ ಮೊದಲೇನಲ್ಲ. ಅಮ್ಮನ ಸಿಂಗರ್ ಹೊಲಿಗೆ ಯಂತ್ರವೂ ಹಾಗೆ ಬಂದದ್ದೇ. ಯಂತ್ರಗಳ ಹುಚ್ಚನ್ನು ಟೀಕಿಸುತ್ತಿದ್ದ ಗಾಂಧೀಜಿ 1924ರಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಹೆಂಡತಿಯ ಕಷ್ಟ ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂಬುದು ಅವರ ಮೆಚ್ಚುಗೆ.

ಅಂಕಿಗಳ ಅಪ್ಪಣೆಯಂತೆ ನಡೆಯುವ ಯಂತ್ರದ ವಂಶಾವಳಿಯಲ್ಲೂ ನಮಗೆ ಪರಿಚಯದ ನಂಟರಿದ್ದಾರೆ. ರೇಷ್ಮೆ ಸೀರೆಯ ಸೆರಗಿನಲ್ಲಿ ನವಿಲು, ಮಾವಿನಕಾಯಿ ಮೂಡಿಸುವ ಜಕಾರ್ಡ್ ಮಗ್ಗ ಫ್ರಾನ್ಸಿನಲ್ಲಿ ರೂಪುಗೊಂಡದ್ದು 1804ರ ಸುಮಾರಿಗೆ. ಯಾವ ಎಳೆ ಮೇಲೇಳಬೇಕೆಂದು ಅಲ್ಲಿ ಹೇಳುವುದು ರಟ್ಟಿನಲ್ಲಿ ಕೊರೆದ ತೂತುಗಳು. ಅಮೆರಿಕದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡಿಸುತ್ತಿದ್ದ ಜಾನ್ ಪಾರ್ಸನ್ಸ್‌ಗೆ ಲೋಹವನ್ನೂ ಹೀಗೆ ಲೆಕ್ಕದಿಂದಲೇ ಕೆತ್ತಿಸಬೇಕೆನಿಸಿತು. 1952ರಲ್ಲಿ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯವರು ತೂತಿನ ಪಟ್ಟಿ ಓದಿಕೊಂಡು ಲೋಹ ಕೊರೆಯುವ ಯಂತ್ರವನ್ನು ತೋರಿಸಿದರು. ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ನಮಗೆಲ್ಲ ಅದು ಕೈಗಡಿಯಾರದ ಹೆಸರು. ಆದರೆ ಗಡಿಯಾರ ಬಂದದ್ದು 1961ರಲ್ಲಿ, ಅದಕ್ಕೂ ಮೊದಲು ಅದು ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆ. ಇಂಥ ದೊಡ್ಡ ಕಾರ್ಖಾನೆಗಳ ವಿದ್ಯೆ ಅಡುಗೆಮನೆಯ ಮೇಜಿಗೆ ಇಳಿಯಲು ಒಂದು ಕಾರಣ, 2009ರಲ್ಲಿ ನಾರ್ವೆಯವರೊಬ್ಬರು ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ತಂತ್ರಾಂಶ. ನನ್ನ ಯಂತ್ರದೊಳಗೆ ಇರುವುದೂ ಅದೇ.

ವಂಶ ದೊಡ್ಡದಾದರೇನು, ತಟ್ಟೆ ಮೊಟ್ಟೆಯಾಗಿತ್ತಲ್ಲ! ಮಾರಿದವರಿಗೆ ಫೋನು ಮಾಡಿದರೆ, "ಮೇಡಂ, ಸೆಟ್ಟಿಂಗಿನಲ್ಲಿ ನಂಬರ್ ಬದಲಾಯಿಸಿ" ಎಂದರು. ಒಂದು ಮಿಲಿಮೀಟರ್ ಸರಿಯಲು ಮೋಟಾರು 800 ಪುಟ್ಟ ಹೆಜ್ಜೆ ಇಡಬೇಕು ಎಂಬುದು ಅಲ್ಲಿದ್ದ ಲೆಕ್ಕ. ಅದನ್ನು ಹೆಚ್ಚಿಸಿದೆ. ಎರಡನೆಯ ತಟ್ಟೆ ಬೇರೆಯೇ ತೆರನ ಮೊಟ್ಟೆಯಾಯಿತು.

ಆಗ ಅಮ್ಮನ ಮಾತು ನೆನಪಾಯಿತು. ದಾರ ತುಂಡಾದರೆ ಯಂತ್ರವನ್ನು ಬೈಯಬೇಡ. ಮೊದಲು ಸೂಜಿ ನೋಡು, ಆಮೇಲೆ ಬಾಬಿನ್ ನೋಡು ಎನ್ನುತ್ತಿದ್ದಳು. ಮರ ತೆಗೆದಿಟ್ಟೆ. ಕೆತ್ತುವ ಕಡ್ಡಿಯ ಜಾಗಕ್ಕೆ ಪೆನ್ನು ಕಟ್ಟಿ, ಕಾಗದದ ಮೇಲೆ 10 ಸೆಂಟಿಮೀಟರಿನ ಗೆರೆಗಳನ್ನು ಎಳೆಸಿದೆ. ಉದ್ದಕ್ಕೆ ಎಳೆದವೆಲ್ಲ ಸರಿಯಾಗಿ 10. ಅಡ್ಡಕ್ಕೆ ಎಳೆದವು ಒಮ್ಮೆ 9.7, ಒಮ್ಮೆ 9.9, ಮತ್ತೊಮ್ಮೆ 9.5. ಲೆಕ್ಕ ತಪ್ಪಿದ್ದರೆ ಪ್ರತಿಸಲವೂ ಒಂದೇ ಸಮನೆ ತಪ್ಪಬೇಕಿತ್ತು. ದಿನಕ್ಕೊಂದು ಸುಳ್ಳು ಹೇಳುವವನಂತೆ ಬದಲಾಗುತ್ತಿದೆ ಎಂದರೆ ಎಲ್ಲೋ ಏನೋ ಜಾರುತ್ತಿದೆ. ನಂಬರನ್ನು ಮತ್ತೆ 800ಕ್ಕೇ ತಂದಿಟ್ಟೆ.

ಅದೇ ಹೊತ್ತಿಗೆ ನರಸಿಂಹರಾಜಪುರದಿಂದ ಹಲಸಿನ ಹಲಗೆ ತಂದ ಆಚಾರ್ರು ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತ ಎಲ್ಲ ನೋಡುತ್ತಿದ್ದರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದರು. ಮೋಟಾರಿನ ಕಡ್ಡಿಗೂ ಉದ್ದನೆಯ ತಿರುಪಿನ ಸರಳಿಗೂ ನಡುವೆ ಗಂಟುಹಾಕಿದಂತೆ ಇರುವ ಕಪ್ಲಿಂಗಿನ ಮೇಲೆ, ಎರಡೂ ಕಡೆಗೆ ದಾಟುವಂತೆ, ಸಣ್ಣ ಗೆರೆ ಎಳೆದರು. "ಈಗ ಓಡಿಸಿ ಅಮ್ಮಾ."

ಓಡಿಸಿದೆ. ನಿಂತ ಮೇಲೆ ನೋಡಿದರೆ ಒಂದಾಗಿದ್ದ ಗೆರೆ ಎರಡು ತುಂಡಾಗಿ ಬೇರೆಬೇರೆ ಕಡೆ ಕೂತಿತ್ತು. ಮೋಟಾರು ತಿರುಗುತ್ತಿದೆ, ಸರಳು ಪೂರ್ತಿ ತಿರುಗುತ್ತಿಲ್ಲ. ಕಪ್ಲಿಂಗಿನ ಪಕ್ಕದ, ಅಕ್ಕಿಕಾಳಿನಷ್ಟು ದೊಡ್ಡ ಸ್ಕ್ರೂ ಸಡಿಲವಾಗಿತ್ತು. ಜೊತೆಗೆ ಬಂದಿದ್ದ ಅಲೆನ್ ಕೀಯಿಂದ ಬಿಗಿ ಮಾಡಿದೆ. ಮುಂದಿನ ತಟ್ಟೆ ಹುಣ್ಣಿಮೆ ಚಂದ್ರನಂತೆ ಬಂತು.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಕಾರ್ಖಾನೆಯ ದೊಡ್ಡ ಯಂತ್ರಗಳಿಗೆ ತಾವು ನಿಜವಾಗಿ ಎಲ್ಲಿದ್ದೇವೆಂದು ಅಳೆದು ತಿಳಿಸುವ ಸಾಧನವಿರುತ್ತದೆ. ನನ್ನಂಥ ಅಗ್ಗದ್ದಕ್ಕೆ ಅದಿಲ್ಲ. ಇಷ್ಟು ಹೆಜ್ಜೆ ಇಡು ಎಂದರೆ ಇಡುತ್ತದೆ. ತಲುಪಿದೆನೋ ಇಲ್ಲವೋ ಎಂದು ಅದಕ್ಕೇ ಗೊತ್ತಿಲ್ಲ. ಬಿಟ್ಟುಹೋದ ಆ ಕಣ್ಣಿನ ಕೆಲಸ ನಮ್ಮದು. ಮನೆಯಲ್ಲಿ ಒಂದು ಕೆಲಸ ಹೇಳಿ, "ಆಯ್ತು" ಎಂಬ ಉತ್ತರ ಕೇಳಿದ ಮೇಲೂ ಎದ್ದುಹೋಗಿ ನೋಡುವ ಅಭ್ಯಾಸವಿರುವ ಹೆಂಗಸರಿಗೆ ಇದು ಹೊಸ ವಿದ್ಯೆಯೇನಲ್ಲ.

ಲಗ್ನಪತ್ರಿಕೆ ಇಟ್ಟು ಕೈಮುಗಿಯಲು ಶೃಂಗೇರಿಗೆ ಹೋದಾಗ ವಿದ್ಯಾಶಂಕರ ದೇವಾಲಯದಲ್ಲಿ ಸುಮ್ಮನೆ ನಿಂತೆ. 14ನೆಯ ಶತಮಾನದ ಕಂಬಗಳಲ್ಲಿ ಸಿಂಹದ ಬಾಯೊಳಗೆ ಕಲ್ಲಿನ ಗುಂಡು ಉರುಳುತ್ತದೆ, ಹೊರಗೆ ಬರುವುದಿಲ್ಲ. ಎಷ್ಟೋ ಸಲ ನೋಡಿದ್ದೆ. ಆ ದಿನ ಬೇರೆ ಕಣ್ಣಿನಿಂದ ನೋಡಿದೆ. ಮೇಲಿನಿಂದ ಕೆಳಗೆ ಮಾತ್ರ ಇಳಿಯುವ ನನ್ನ ಯಂತ್ರದ ಕಡ್ಡಿಗೆ ಆ ಹಲ್ಲುಗಳ ಹಿಂದೆ ಹೊಕ್ಕು ಗುಂಡು ಬಿಡಿಸಲು ಸಾಧ್ಯವೇ ಇಲ್ಲ. ಉಳಿ ಹಿಡಿದ ಕೈ ಓರೆಯಾಗಿ ಒಳಹೊಕ್ಕು, ತಡವಿ ನೋಡಿ, ಮತ್ತೆ ಕೆತ್ತಿರಬೇಕು.

ಮದುವೆಯ ಹಿಂದಿನ ದಿನಕ್ಕೆ 50 ತಟ್ಟೆಗಳೂ ಮುಗಿದವು. ಅತ್ತೆ ಒಂದೊಂದನ್ನೂ ಸೆರಗಿನಿಂದ ಒರೆಸಿ ಜೋಡಿಸಿಟ್ಟರು. ಆ ಎರಡು ಮೊಟ್ಟೆ ತಟ್ಟೆಗಳನ್ನು ಒಲೆಗೆ ಹಾಕಲು ಹೋದರೆ ತಡೆದವರೂ ಅವರೇ. ಒಂದರಲ್ಲಿ ಈಗ ಅವರ ಅಡಿಕೆ ಹೋಳು. ಇನ್ನೊಂದರಲ್ಲಿ ನನ್ನ ಅಲೆನ್ ಕೀ.