ಇಗರ್ಜಿ ದೂರವಿದ್ದ ಕಾಲದ ತಾಯಂದಿರು

ಪುತ್ತೂರು ಪೇಟೆಯನ್ನು ಬಲ್ಲವರಿಗೆ ಅಲ್ಲಿಯ ಹಳೆಯ ಇಗರ್ಜಿ ಹೊಸದಲ್ಲ. ಅದು 1830ರಲ್ಲಿ ಆದುದು. ಹೆಸರು ‘ಮಾಯ್ ದೆ ದೇವುಸ್’. ಮಾತು ಪೋರ್ತುಗೀಸಿನದು, ಕನ್ನಡದಲ್ಲಿ ಹೇಳುವುದಾದರೆ ‘ದೇವಮಾತೆ’. ಅದೇ ಊರಿನಲ್ಲಿ 1958ರಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು ಸ್ಥಾಪಿಸಿದ ಕಾಲೇಜೂ ಸಂತ ಫಿಲೋಮಿನಾ ಎಂಬ ಹೆಣ್ಣುಮಗಳ ಹೆಸರಿನದೇ. ಹೀಗೆ ಹೆಸರಿಡುವಲ್ಲಿ ಹೆಣ್ಣಿಗೆ ಗೌರವ ಸಂದಿದೆ. ಆದರೆ ಈ ಸೀಮೆಯಲ್ಲಿ ಕ್ರೈಸ್ತ ಭಕ್ತಿಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಹೆಂಗಸರ ಹೆಸರುಗಳನ್ನು ಯಾರಾದರೂ ಕೇಳಿದರೆ ನೀವಾಗಲಿ ನಾನಾಗಲಿ ಎಷ್ಟು ಹೇಳಬಲ್ಲೆವು?

ಮೊದಲು ಈ ನೆಲವನ್ನು ನೆನಪಿಗೆ ತಂದುಕೊಳ್ಳಿ. ಸುಳ್ಯದಲ್ಲಿ ಪಯಸ್ವಿನಿ, ಕಡಬದ ಕಡೆಗೆ ಕುಮಾರಧಾರೆ, ನಡುವೆಲ್ಲ ಗುಡ್ಡ, ಕಾಡು, ಅಡಕೆಯ ತೋಟ. ಒಂದು ಮನೆ ಈ ತಗ್ಗಿನಲ್ಲಿದ್ದರೆ ಇನ್ನೊಂದು ಗುಡ್ಡದಾಚೆ. ಸೇತುವೆಗಳಿಲ್ಲದ ಕಾಲದಲ್ಲಿ ಮಳೆ ಹಿಡಿದು ಹೊಳೆ ತುಂಬಿತೆಂದರೆ ಆಚೆಯವರು ಆಚೆ, ಈಚೆಯವರು ಈಚೆ. ಒಳನಾಡಿನ ಕುಟುಂಬಗಳಿಗೆ ಭಾನುವಾರದ ಪೂಜೆಯೆಂದರೆ ಕೆಲವು ಗಂಟೆಗಳ ಕಾಲ್ನಡಿಗೆ. ಪಾದ್ರಿಗಳು ಮನೆಯತ್ತ ಬರುವುದು ಅಪರೂಪ. ಉಳಿದ ದಿನಗಳಲ್ಲಿ ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರು ಯಾರು?

ಉತ್ತರ ಮುಸ್ಸಂಜೆಯಲ್ಲಿದೆ. ನೆರೆಮನೆಯಲ್ಲಿ ತುಳಸಿಕಟ್ಟೆಗೆ ದೀಪವಿಡುವ ಹೊತ್ತಿನಲ್ಲಿ ಕೊಂಕಣಿ ಕ್ರೈಸ್ತರ ಮನೆಯಲ್ಲಿ ‘ಆಮೊರಿ’ಯ ಪ್ರಾರ್ಥನೆ, ಆ ಬಳಿಕ ಜಪಮಾಲೆ, ಅವರ ಮಾತಿನಲ್ಲಿ ‘ತೆರ್ಸ್’. ಒಲೆಯ ಮೇಲಿನ ಗಂಜಿಯನ್ನು ಇಳಿಸಿ, ಕೈ ತೊಳೆದು, ಸೆರಗು ತಲೆಗೆ ಹೊದ್ದು ಅಜ್ಜಿ ಮೊದಲು ಹೇಳುತ್ತಿದ್ದಳು. ಉಳಿದವರು ಅವಳ ಹಿಂದೆ. ತೂಕಡಿಸುವ ಮಗುವನ್ನು ಮೆಲ್ಲನೆ ಚಿವುಟುವುದೂ ಅವಳ ಕೆಲಸವೇ. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಎಂದರೆ ಆಶೀರ್ವಾದ ಬೇಡಬೇಕು. ಓದುಬರಹ ಬಾರದ ಎಷ್ಟೋ ಹೆಂಗಸರಿಗೆ ‘ದೊತೊರ್ನ್’, ಅಂದರೆ ಧರ್ಮೋಪದೇಶ, ಬಾಯಿಪಾಠವಾಗಿತ್ತು. ಮಗುವಿಗೆ ಅದು ತೊಟ್ಟಿಲ ಮಾತಿನ ಜೊತೆಗೇ ಬರುತ್ತಿತ್ತು.

ಈ ರೂಢಿಯ ಬಲವೆಷ್ಟು ಎಂಬುದು ಒಂದು ಕಠಿಣ ಕಾಲದಲ್ಲಿ ಪರೀಕ್ಷೆಗೆ ಬಂತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಿಸಿದನು. ಅವರ ಸಂಖ್ಯೆಯನ್ನು ಕೆಲವರು 30,000 ಎಂದರೆ ಕೆಲವರು 60,000 ಎಂದೂ ಅದಕ್ಕೂ ಮಿಕ್ಕಿ ಎಂದೂ ಹೇಳುತ್ತಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಮಡಿದರು. ಇಗರ್ಜಿಗಳು ನೆಲಸಮವಾದವು, ಗೋವೆಯಿಂದ ಬಂದಿದ್ದ ಪಾದ್ರಿಗಳನ್ನು ಹೊರಗಟ್ಟಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬದುಕುಳಿದವರಲ್ಲಿ ಬಹುಮಂದಿ ಕರಾವಳಿಗೆ ಮರಳಿದರು.

ಹದಿನೈದು ವರ್ಷವೆಂದರೆ, ಓದುಗರೇ, ಒಂದು ಮಗು ಹುಟ್ಟಿ ಪ್ರಾಯಕ್ಕೆ ಬರುವಷ್ಟು ಕಾಲ. ಆ ಮಕ್ಕಳು ಹಳೆಯ ಇಗರ್ಜಿಗಳನ್ನು ಕಂಡವರಲ್ಲ, ಅಲ್ಲಿಯ ಗಂಟೆ ಕೇಳಿದವರಲ್ಲ. ಆದರೂ ಹಿಂದಿರುಗಿದವರು ಅದೇ ಪ್ರಾರ್ಥನೆಗಳೊಡನೆ ಹಿಂದಿರುಗಿದರು. ಪುತ್ತೂರಿನಲ್ಲಿ ಇಗರ್ಜಿಯಾದುದು ಅದಾಗಿ ಮೂವತ್ತೊಂದು ವರ್ಷಕ್ಕೆ. ಗುರುವೂ ಗುಡಿಯೂ ಇಲ್ಲದೆಡೆ ಉಳಿದಿದ್ದುದು ಮನೆಯೊಂದೇ. ಮನೆಯೊಳಗೆ ಮಕ್ಕಳ ಬಳಿ ಇದ್ದವಳು ತಾಯಿ. ದಾಖಲೆಗಳು ಅವಳ ಹೆಸರನ್ನು ಹೇಳುವುದಿಲ್ಲ. ಆದರೆ ಉಳಿದು ಬಂದ ಪ್ರಾರ್ಥನೆಯೇ ಅವಳ ಪರವಾಗಿ ಸಾಕ್ಷಿ ನುಡಿಯುತ್ತದೆ.

ಹಬ್ಬ ಮದುವೆಗಳಲ್ಲಿಯೂ ಹೆಂಗಸರ ಪಾಲು ಕಡಿಮೆಯಲ್ಲ. ಮದುವೆಯ ಮುನ್ನಾದಿನ ‘ರೋಸ್’ ಎಂಬ ತೆಂಗಿನಹಾಲಿನ ಶಾಸ್ತ್ರ ನಡೆಯುವಾಗ ಹಿರಿಯ ಹೆಂಗಸೊಬ್ಬಳು ಶಿಲುಬೆಯ ಗುರುತು ಹಾಕಿ ‘ವೊವಿಯೊ’ ಹಾಡುಗಳನ್ನು ಎತ್ತಿಕೊಳ್ಳುತ್ತಾಳೆ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನ, ನಮ್ಮವರು ‘ಮೊಂತಿ ಫೆಸ್ತ್’ ಎನ್ನುವ ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಹೂವು ತಂದು ಮಾತೆಗೆ ಅರ್ಪಿಸುತ್ತಾರೆ. ಮಂತ್ರಿಸಿದ ಹೊಸ ತೆನೆ ಮನೆಗೆ ಬಂದ ಮೇಲೆ ಅದರ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲಿ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆ ದಿನ ಮೀನು ಮಾಂಸವಿಲ್ಲದ ತರಕಾರಿಯ ಊಟ. ಹೊಸ ಅಕ್ಕಿ ಉಣ್ಣುವ ಮೊದಲು ದೇವರಿಗೆ ಕೃತಜ್ಞತೆ ಹೇಳಬೇಕೆಂಬ ಪಾಠವನ್ನು ಮಗು ಕಲಿಯುವುದು ಆ ಒಂದು ಗುಟುಕು ಹಾಲಿನಲ್ಲಿ.

ಮನೆಯ ಈ ಕೆಲಸಕ್ಕೆ ಕನ್ಯಾಮಠಗಳ ನೆರವು ದೊರೆತುದು ಬಹಳ ತಡವಾಗಿ, ಅದೂ ಮೊದಲು ಮಂಗಳೂರಿನಲ್ಲಿ. ಆಂಗ್ಲಿಕನ್ ಗುರುಗಳೊಬ್ಬರ ಮಗಳಾಗಿ 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿದ ಮದರ್ ವೆರೋನಿಕಾ ಅವರು ಫ್ರಾನ್ಸಿನ ಬಯೊನ್‌ನಲ್ಲಿ 1868ರಲ್ಲಿ ‘ಅಪೊಸ್ತಲಿಕ್ ಕಾರ್ಮೆಲ್’ ಸಭೆಯನ್ನು ಆರಂಭಿಸಿದರು. ಅದರ ಭಗಿನಿಯರು 1870ರಲ್ಲಿ ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು. 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದವರು ಅವರೇ.

ಅದೇ 1870ರಲ್ಲಿ ಏಕಾಂತವಾಸದ ಕಾರ್ಮೆಲ್ ಮಠವನ್ನು ಸ್ಥಾಪಿಸಲು ಬಂದವರ ಜೊತೆಗೆ ಮರಿಯಮ್ ಎಂಬ ತರುಣಿಯೊಬ್ಬಳಿದ್ದಳು. ನಜರೇತಿನ ಸಮೀಪದ ಹಳ್ಳಿಯವಳು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡವಳು. ಓದು ಬಹಳ ಕಡಿಮೆ. ಮನೆಗೆಲಸದಲ್ಲಿಯೂ ಅಡುಗೆಮನೆಯಲ್ಲಿಯೂ ಕೈ ಸವೆಸಿದವಳು. ಅವಳು ತನ್ನ ವ್ರತವನ್ನು ಕೈಗೊಂಡದ್ದು 1871ರ ನವೆಂಬರ್ 21ರಂದು, ಮಂಗಳೂರಿನಲ್ಲಿ. ಮರುವರ್ಷ ಹಿಂದಿರುಗಿ, 1878ರಲ್ಲಿ ಬೆತ್ಲೆಹೇಮಿನಲ್ಲಿ ತೀರಿಕೊಂಡಳು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಅವಳನ್ನು ಸಂತಳೆಂದು ಸಾರಿದರು. ಅಡುಗೆಮನೆಯ ಭಕ್ತಿ ಸಣ್ಣದೆಂದು ತಿಳಿಯುವವರು ಈ ಚರಿತ್ರೆಯನ್ನು ಒಮ್ಮೆ ನೆನೆಯಬೇಕು.

ಆದರೆ ಒಂದು ತೊಡಕಿತ್ತು. ಆ ಕಾಲದಲ್ಲಿ ಮಠ ಸೇರುವ ಕನ್ಯೆಯೂ ವರದಕ್ಷಿಣೆಯಂತೆ ಹಣ ತರಬೇಕಾಗಿತ್ತು. ಬಡ ರೈತನ ಮಗಳಿಗೆ ಮದುವೆಯೂ ಕಷ್ಟ, ಮಠವೂ ಕಷ್ಟ. ಮಂಗಳೂರಿನ ಬೆಂದೂರಿನಲ್ಲಿ ಗುರುಗಳಾಗಿದ್ದ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಅವರು ಈ ನೋವನ್ನು ಕಂಡು, 1921ರ ಜುಲೈ 16ರಂದು ನಾಲ್ವರು ಹೆಣ್ಣುಮಕ್ಕಳೊಡನೆ ‘ಬೆಥನಿ’ ಸಭೆಯನ್ನು ಆರಂಭಿಸಿದರು. ಬೆಥನಿಯೆಂದರೆ ಸುವಾರ್ತೆಯಲ್ಲಿ ಬರುವ ಮಾರ್ತಾ ಮತ್ತು ಮರಿಯಳ ಊರು. ಅಕ್ಕ ದುಡಿಯುತ್ತಿದ್ದಳು, ತಂಗಿ ಯೇಸುವಿನ ಪಾದದ ಬಳಿ ಕುಳಿತು ಆಲಿಸುತ್ತಿದ್ದಳು. ದುಡಿಮೆ, ಧ್ಯಾನ ಎರಡೂ ಬೇಕೆಂಬುದು ಆ ಹೆಸರಿನ ಅರ್ಥ. ಈ ಭಗಿನಿಯರು ಪೇಟೆಯಲ್ಲಿ ಮಾತ್ರ ನಿಲ್ಲದೆ ಹಳ್ಳಿಗಳಿಗೆ ಹೋಗಿ ಶಾಲೆಗಳನ್ನು ತೆರೆದರು. ಅಜ್ಜಿ ಬಾಯಿಪಾಠದಿಂದ ಕಲಿಸಿದುದಕ್ಕೆ ಅಕ್ಷರದ ಆಸರೆ ದೊರೆಯಿತು.

ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಕಡಬ, ನೆಲ್ಯಾಡಿಯ ಕಡೆಗೆ ಇನ್ನೊಂದು ಬಗೆಯ ಕ್ರೈಸ್ತರು ಬಂದರು. ತಿರುವಾಂಕೂರಿನಿಂದ ಭೂಮಿ ಅರಸಿ ಬಂದ ಮಲಯಾಳಿ ಕುಟುಂಬಗಳವು. ಕಾಡಿನಂಚಿನ ಗುಡಿಸಲು, ಜ್ವರದ ಭಯ, ತಿಳಿಯದ ಭಾಷೆ. ಅಲ್ಲಿಯೂ ಮೊದಲು ನೆಲೆಯೂರಿದುದು ಸಂಧ್ಯಾಪ್ರಾರ್ಥನೆ, ಇಗರ್ಜಿಗಳು ಆಮೇಲೆ. ಸಿರೋ ಮಲಂಕರ ಸಭೆಗೆ ಪುತ್ತೂರು ಧರ್ಮಪ್ರಾಂತವಾದುದಂತೂ 2010ರಲ್ಲಿ. ನೂರೈವತ್ತು ವರ್ಷಗಳ ಹಿಂದೆ ಕೊಂಕಣಿ ತಾಯಿ ಮಾಡಿದುದನ್ನೇ ಮಲಯಾಳಿ ತಾಯಿ ಮತ್ತೊಮ್ಮೆ ಮಾಡಿದಳು.

ಈ ಹೆಂಗಸರನ್ನು ಗೌರವಿಸುವುದು ಹೇಗೆ? ಕಲ್ಲಿನ ಸ್ಮಾರಕ ಬೇಕಾಗಿಲ್ಲ. ಇಗರ್ಜಿಗಳ ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರಿನ ಜೊತೆಗೆ ತಾಯಿಯ ಹೆಸರೂ ಧರ್ಮತಾಯಿಯ ಹೆಸರೂ ಬರೆದಿರುತ್ತವೆ. ಚರಿತ್ರೆ ಮರೆತ ಹೆಸರುಗಳು ಆ ಹಳೆಯ ಹಾಳೆಗಳಲ್ಲಿವೆ. ಆ ಹಾಳೆಗಳಾದರೋ ನಮ್ಮ ಮಳೆಗಾಲದ ತೇವಕ್ಕೂ ಗೆದ್ದಲಿಗೂ ಹೆದರಬೇಕಾದವು. ಅವನ್ನು ಓದಿ ನಕಲು ಮಾಡಿಡುವವರು ಬೇಕು.

ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮ ಮನೆಯಿಂದಲೇ ಆರಂಭಿಸಬಹುದು. ನೀವು ಯಾವ ಮತದವರೇ ಆಗಿರಿ, ನಿಮಗೆ ಮೊದಲ ಪ್ರಾರ್ಥನೆಯನ್ನು ಕಲಿಸಿದವಳು ಯಾರು? ಅವಳಿಗೆ ಕಲಿಸಿದವಳು ಯಾರು? ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಿ. ಈ ಸಂಜೆಯೇ ಕೇಳಿದರೆ ಇನ್ನೂ ಒಳ್ಳೆಯದು.