ಹನ್ನೆರಡು ನಿಮಿಷದ ಅಳತೆಗೋಲು

1936ರಲ್ಲಿ ಅಮೆರಿಕದ ಎಲ್ಡನ್ ವಂಡರ್ಲಿಕ್ ಎಂಬವರು ಒಂದು ಪುಟ್ಟ ಬುದ್ಧಿಪರೀಕ್ಷೆಯನ್ನು ರೂಪಿಸಿದರು. 12 ನಿಮಿಷ, 50 ಪ್ರಶ್ನೆ. ಪದಗಳ ಅರ್ಥ, ಸಣ್ಣ ಲೆಕ್ಕ, ತರ್ಕ. ನೌಕರಿ ಬೇಡಿ ಬಂದವರನ್ನು ಬೇಗನೆ ಅಳೆಯುವುದು ಅದರ ಉದ್ದೇಶ. ಸರಾಸರಿ ಅಂಕ 20ರ ಆಸುಪಾಸು. ಊರು ಬಿಟ್ಟು ಬಂದು ಕಂಪನಿಗಳ ಬಾಗಿಲು ತಟ್ಟಿದ ನಮ್ಮಲ್ಲಿ ಹಲವರು ಇಂಥ ಪ್ರಶ್ನೆಪತ್ರಿಕೆಗಳನ್ನು ಕಂಡವರೇ. ಆದರೆ ಈ ಪರೀಕ್ಷೆ ಆಟದ ಮೈದಾನಕ್ಕೂ ಹೊಕ್ಕಿತು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಆಟ. ಅಲ್ಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ತಂಡಗಳು ಪ್ರತಿವರ್ಷ ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 1970ರ ದಶಕದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ತರಬೇತುದಾರ ಟಾಮ್ ಲ್ಯಾಂಡ್ರಿ ಆ ಆಯ್ಕೆಗೆ ವಂಡರ್ಲಿಕ್ ಪರೀಕ್ಷೆಯನ್ನು ಬಳಸಿದರು, ಉಳಿದವರೂ ಹಿಂಬಾಲಿಸಿದರು.

ಅಂಕಗಳು ಏನು ಹೇಳಿದವು? 1975ರಲ್ಲಿ ಆಯ್ಕೆಯಾದ ಹಾರ್ವರ್ಡಿನ ಪ್ಯಾಟ್ ಮೆಕಿನಾಲಿ 50ಕ್ಕೆ 50 ಪಡೆದರು. ಆ ಅಂಕವೇ ತಮ್ಮ ಆಯ್ಕೆಯನ್ನು ಹಿಂದಕ್ಕೆ ತಳ್ಳಿತೆಂದು ಅವರು ಮುಂದೆ ಹೇಳಿದ್ದುಂಟು. ಡ್ಯಾನ್ ಮರೀನೊ ಪಡೆದದ್ದು 15ರಷ್ಟೇ ಎಂದು ವರದಿಯಾಗಿದೆ. ಅದೇ ಮರೀನೊ 1984ರಲ್ಲಿ ಒಂದೇ ಋತುವಿನಲ್ಲಿ 5,000 ಗಜ ದಾಟಿ ಚೆಂಡೆಸೆದ ಮೊದಲ ಆಟಗಾರರಾದರು. 2009ರಲ್ಲಿ ಲಯನ್ಸ್, ಹಾಫ್‌ಮನ್, ಮಿಶೆಲ್ ಎಂಬ ಸಂಶೋಧಕರು 762 ಆಟಗಾರರ ಅಂಕಗಳನ್ನು ಪರಿಶೀಲಿಸಿ, ಅಂಕಕ್ಕೂ ಆಟಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲವೆಂದು ಕಂಡುಕೊಂಡರು.

ಇದನ್ನು ಬರಿಯ ಕುತೂಹಲದ ಸಂಗತಿಯೆಂದು ಬಿಡುವಂತಿಲ್ಲ. ಉತ್ತರ ಕೆರೊಲಿನಾದ ಡ್ಯೂಕ್ ಪವರ್ ಕಂಪನಿ ಕಪ್ಪು ಜನರನ್ನು ಅತಿ ಕಡಿಮೆ ಸಂಬಳದ ಕೂಲಿ ವಿಭಾಗದಲ್ಲಷ್ಟೇ ಇಟ್ಟಿತ್ತು. 1965ರ ಜುಲೈ 2ರಂದು ನೌಕರಿಯಲ್ಲಿನ ಭೇದಭಾವವನ್ನು ನಿಷೇಧಿಸುವ ಕಾನೂನು ಜಾರಿಗೆ ಬಂತು. ಅಂದೇ ಕಂಪನಿ ಮೇಲಿನ ವಿಭಾಗಗಳಿಗೆ ಸೇರಲು ಪರೀಕ್ಷೆಗಳನ್ನು ಕಡ್ಡಾಯಮಾಡಿತು. ಅವುಗಳಲ್ಲಿ ಒಂದು ವಂಡರ್ಲಿಕ್. ಕಾರ್ಮಿಕ ವಿಲ್ಲಿ ಗ್ರಿಗ್ಸ್ ಮತ್ತು ಸಂಗಾತಿಗಳು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1971ರಲ್ಲಿ ಅವಿರೋಧವಾಗಿ ತೀರ್ಪಿತ್ತಿತು: ಮಾಡಬೇಕಾದ ಕೆಲಸಕ್ಕೆ ಸಂಬಂಧವಿಲ್ಲದ ಪರೀಕ್ಷೆ ಒಂದು ಜನಾಂಗವನ್ನು ಹೊರಗಿಡುವುದಾದರೆ ಅದು ನ್ಯಾಯವಲ್ಲ.

ಆದರೂ ಅಂಕದ ಅನ್ಯಾಯ ಆಟಗಾರರನ್ನು ಬಿಡಲಿಲ್ಲ. ತಲೆಗೆ ಬಿದ್ದ ಪೆಟ್ಟುಗಳಿಂದ ಮರೆಗುಳಿತನಕ್ಕೆ ಒಳಗಾದ ಮಾಜಿ ಆಟಗಾರರಿಗೆ ಪರಿಹಾರ ಕೊಡಲು ಲೀಗು ಒಪ್ಪಿದಾಗ, ಬೇರೊಂದು ಬಗೆಯ ಪರೀಕ್ಷೆಗಳು ಬಂದವು. ಕಪ್ಪು ಆಟಗಾರರ ಗ್ರಹಣಶಕ್ತಿ ಮೊದಲಿಂದಲೇ ಕಡಿಮೆಯೆಂದು ಊಹಿಸಿ ಅಂಕಗಳನ್ನು ಸರಿಹೊಂದಿಸುವ ಪದ್ಧತಿ ಅಲ್ಲಿ ಬಳಕೆಯಲ್ಲಿತ್ತು. ಅಂದರೆ, ಒಂದೇ ಅಂಕ ಬಂದರೂ ಬಿಳಿಯ ಆಟಗಾರ ರೋಗಿಯೆನಿಸಬಹುದು, ಕಪ್ಪು ಆಟಗಾರ ಆರೋಗ್ಯವಂತನೆನಿಸಿ ಬರಿಗೈಯಲ್ಲಿ ಮರಳಬಹುದು. 2020ರಲ್ಲಿ ಕೆವಿನ್ ಹೆನ್ರಿ, ನಾಜೆ ಡೆವನ್‌ಪೋರ್ಟ್ ಎಂಬ ಇಬ್ಬರು ಮಾಜಿ ಆಟಗಾರರು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 2021ರಲ್ಲಿ ಲೀಗು ಈ ಪದ್ಧತಿಯನ್ನು ಕೈಬಿಡುವುದಾಗಿ ಹೇಳಿತು.

ಮರುವರ್ಷ, ಹೊಸ ಆಟಗಾರರನ್ನು ಒರೆಗೆ ಹಚ್ಚುವ ಲೀಗಿನ ಶಿಬಿರದಿಂದ ವಂಡರ್ಲಿಕ್ ಕೂಡ ಮರೆಯಾಯಿತು. ಯಾವ ಅಂಕವನ್ನು ಕಂಡಾಗಲೂ ಅದು ಎಷ್ಟು ಎಂಬುದಕ್ಕಿಂತ ಮೊದಲು ಅಳೆದವರು ಯಾರು, ಅಳೆದದ್ದು ಏತಕ್ಕೆ ಎಂದು ಕೇಳಬೇಕೆಂಬುದು ಗ್ರಿಗ್ಸ್, ಹೆನ್ರಿ, ಡೆವನ್‌ಪೋರ್ಟರಿಂದ ನಾವು ಕಲಿಯಬೇಕಾದ ಪಾಠ.